ಹರಕೆಯಲ್ಲದ ಓಟ

ಅರ್ಪಿತಳಿಗೆ ಜನರ ಕನಿಕರವೆಂದರೆ ಹೇಸಿಗೆ. ಬಸ್ಸು ಹತ್ತಿದರೆ ಸಾಕು, ಯಾರೋ ಒಬ್ಬಾಕೆ ಇವಳ ಮಗಳು ದೀಪಿಕಳ ಎಡಗೈ ಹಿಡಿದು, ಮೊಣಕೈಗೇ ಮುಗಿದುಹೋದ ಅದನ್ನು ಸವರಿ ಲೊಚಗುಟ್ಟುತ್ತಿದ್ದಳು. ಹಿಂದೆಯೇ ಆ ಪ್ರಶ್ನೆ: "ಬಸ್ರಿ ಇದ್ದಾಗ ಗ್ರಾಣದಲ್ಲಿ ಏನಾರ ಕುಯ್ದಿದ್ದೇನವ್ವ?" ಮಗು ಹುಟ್ಟಿ ಆರು ವರ್ಷವಾದರೂ ಗ್ರಹಣ, ಕುಡುಗೋಲು, ಈಳಿಗೆಮಣೆಗಳ ಈ ವಿಚಾರಣೆ ಮುಗಿದಿರಲಿಲ್ಲ. ಬಾಯಿಗಳಿಗೆ ಬೀಗ ಹಾಕಲು ಬರುವಂತಿದ್ದರೆ ಅವಳು ಎಂದೋ ಹಾಕಿರುತ್ತಿದ್ದಳು.

ಓಟ ಅವಳಿಗೆ ಹೊಸದಲ್ಲ. ಹೈಸ್ಕೂಲಿನಲ್ಲಿ ಹುಡುಗರನ್ನೂ ಹಿಂದೆ ಹಾಕಿದವಳು. ಮದುವೆಯಾಗಿ ಕಿರುಗಾವಲಿಗೆ ಬಂದಮೇಲೆ ಬಸ್ಸಿನ ಹಿಂದೆ ಓಡಿದ್ದಷ್ಟೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕೃತಕ ಕೈಕಾಲಿಗಾಗಿ ಕಾದು ಕೂತ ಮಕ್ಕಳನ್ನು ಕಂಡು ಬಂದವಳೇ, ಕಿರುಗಾವಲಿನಿಂದ ಮಳವಳ್ಳಿಗೆ ಓಡುತ್ತೇನೆ, ದುಡ್ಡು ಕೊಡುವವರು ಆ ಮಕ್ಕಳಿಗೆ ಕೊಡಲಿ ಎಂದಳು. ಗಂಡ ಸಿದ್ದರಾಜು, "ಓಡು, ನಾನು ಬೈಕಲ್ಲಿ ಇಂದೆ ಬತ್ತೀನಿ" ಎಂದ. ಅತ್ತೆ ಮರಿತಾಯಮ್ಮನ ಮುಖ ಮಾತ್ರ ಹುಳ್ಳಗಾಯಿತು. ಮನೆಯ ಸೊಸೆ ಪ್ಯಾಂಟು ತೊಟ್ಟು ರೋಡಿನಲ್ಲಿ ಓಡುವುದೇ?

ಓಟದ ದಿನ ಊರು ದಾಟುವಷ್ಟರಲ್ಲಿ ರಸ್ತೆಬದಿಯಲ್ಲಿ ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದರು. ಕುಡಿಯಲು ಕೊಡುತ್ತಾರೆಂದು ಅರ್ಪಿತ ನಿಂತಳು. ಒಬ್ಬಳು ಬೂಟಿನ ಮೇಲೆಯೇ ನೀರು ಹುಯ್ದು, ಅರಿಶಿನ ಬಳಿದು, ಕೈಮುಗಿದಳು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ಮಾಡುವ ಉಪಚಾರ ಅದು.

"ಇದ್ಯಾಕಮ್ಮ ನಂಗೆ?"

"ಅರಕೆ ಓಟ ಅಲ್ವಾ ಕಣಮ್ಮ? ಗ್ರಾಣದ ತಪ್ಪು ಕಳೀಲಿ ಅಂತ ಓಡ್ತಾವ್ಳೆ ಅಂತ ನಿಮ್ಮತ್ತೇನೇ ಯೋಳ್ತು."

ಅರ್ಪಿತ ಕಾಲು ಹಿಂದಕ್ಕೆಳೆದುಕೊಂಡಳು. ಸೊಸೆಯ ಮಾನ ಉಳಿಸಲು ಮುದುಕಿ ಹೆಣೆದ ಸುಳ್ಳು ಇದು: ಸುಮ್ಮನೆ ಓಡಿದರೆ ನಾಚಿಕೆಗೇಡು, ಹರಕೆಗೆ ಓಡಿದರೆ ಪುಣ್ಯ. ಒಳ್ಳೆಯದು ಮಾಡಲು ಹೋಗಿ ಮಾಡಿದ್ದಾಳೆಂಬುದೇ ಇನ್ನಷ್ಟು ಅಸಹ್ಯ. ಹರಕೆಯೂ ಇಲ್ಲ ಮಣ್ಣೂ ಇಲ್ಲ ಎಂದು ಅರ್ಪಿತ ಗದರಿದಳು. ದೇವರೇ ಮೈಮೇಲೆ ಬಂದಿದ್ದಾನೆಂದು ಹೆಂಗಸರು ಇನ್ನೂ ಬಾಗಿದರು. ಒದ್ದೆ ಬೂಟಿನಲ್ಲೇ ಪಚಪಚ ಓಡಿದಳು. ಮುಂದಿನ ಹಳ್ಳಿಯಲ್ಲೂ ಅದೇ ಬಿಂದಿಗೆ, ಅದೇ ಅರಿಶಿನ.

ಮಳವಳ್ಳಿಯಲ್ಲಿ ಹಾರ, ಶಾಲು ಹಿಡಿದವರು ಕಾಯುತ್ತಿದ್ದರು. ಅವರನ್ನು ತಳ್ಳಿಕೊಂಡೇ ಅರ್ಪಿತ, ಅಜ್ಜಿಯ ಜೊತೆ ಬಸ್ಸಿನಲ್ಲಿ ಮೊದಲೇ ಬಂದಿದ್ದ ದೀಪಿಕಳನ್ನು ಹುಡುಕಿದಳು. ಊರು ಏನನ್ನಾದರೂ ನಂಬಿಕೊಂಡು ಹಾಳಾಗಲಿ. ತಾನು ಯಾರದೋ ತಪ್ಪಿನ ಶಿಕ್ಷೆ ಎಂದು ಆ ಕೂಸು ಮಾತ್ರ ನಂಬಬಾರದು. ಅರ್ಪಿತಳಿಗೆ ಬೇಕಿದ್ದುದು ಅಷ್ಟೇ.

ಮರಿತಾಯಮ್ಮ ಸೆರಗಿನಿಂದ ಬೆವರು ಒರೆಸಲು ಬಂದಳು. ಅರ್ಪಿತ ಸರಿದು ನಿಂತಳು. "ಮುಟ್ಬೇಡಿ ಅತ್ತೆ. ನಾನು ಯಾವ ಗ್ರಾಣದಲ್ಲೂ ಏನೂ ಕುಯ್ದಿಲ್ಲ. ನಿಮಗೇ ಗೊತ್ತು."

"ಗೊತ್ತು ಕಣವ್ವ. ಜನದ ಬಾಯಿ ಮುಚ್ಚುಸ್ಬೇಕಲ್ಲ."

ಇನ್ನೇನೋ ಅನ್ನುವಷ್ಟರಲ್ಲಿ ದೀಪಿಕ ಮುಂದೆ ಬಂದು ನಿಂತಳು. ಎಡಗೈ ಎತ್ತಿ, ಅದರ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ನೀನು ಓಡಿ ಮುಗುಸುದ್ರೆ ನಂಗೂ ಕೈ ಬತ್ತದೆ ಅಂತ ಅಜ್ಜಿ ಯೋಳಿತ್ತು," ಎಂದಳು. "ಇನ್ನೂ ಬಂದಿಲ್ವಲ್ಲವ್ವ. ನೀನು ಸರ್ಯಾಗಿ ಓಡ್ನಿಲ್ವಾ?"