ಎಂಟು ಊರಿನ ಪೇಟಿ, ಒಂದು ಚಿಟಿಕೆ ಮೇಣ

1997ರ ಆಗಸ್ಟ್ 15, ಶುಕ್ರವಾರ, ಬೆಳಗಿನ ಜಾವ 5 ಗಂಟೆ 10 ನಿಮಿಷ. ಆಳಂದದ ಹೈಸ್ಕೂಲಿನ ಪಡಸಾಲೆಯಲ್ಲಿ ಎಂಟು ಹಾರ್ಮೋನಿಯಂ ಪೆಟ್ಟಿಗೆಗಳು ಮುಚ್ಚಳ ತೆರೆದು ಕೂತಿವೆ. ನಡುವೆ ಚಕ್ಕಳಮಕ್ಕಳ ಹಾಕಿರುವ ಲಾಡ್ಲೆಸಾಬ ಚಿಮಣಿ ದೀಪದ ಉರಿಗೆ ಸೂಜಿ ಹಿಡಿಯುತ್ತಾರೆ, ಅದನ್ನು ಜೇನುಮೇಣಕ್ಕೆ ತಾಗಿಸುತ್ತಾರೆ, ಪೆಟ್ಟಿಗೆಯೊಳಗೆ ಸ್ವರ ಹೊರಡಿಸುವ ಹಿತ್ತಾಳೆ ನಾಲಿಗೆಯ ತುದಿಗೆ ಒಂದು ಹನಿ ಇಡುತ್ತಾರೆ. ಸಾಸಿವೆಗಿಂತ ದೊಡ್ಡದು, ಜೋಳದ ಕಾಳಿಗಿಂತ ಚಿಕ್ಕದು. ಆಮೇಲೆ ಪಕ್ಕದ ಪೆಟ್ಟಿಗೆಯಲ್ಲಿ ಅದೇ ಸ್ವರ ಒತ್ತಿ, ಮರದ ಅಂಚನ್ನು ಹಲ್ಲಿನಿಂದ ಕಚ್ಚಿ ಕಣ್ಣು ಮುಚ್ಚುತ್ತಾರೆ. ಎರಡು ದನಿಗಳೂ ಒಂದಕ್ಕೊಂದು ತಾಗಿ ನಡುಗುತ್ತವೆ. ಉಗುರಿನಿಂದ ತುಸು ಮೇಣ ಕೆರೆಯುತ್ತಾರೆ. ನಡುಕ ನಿಲ್ಲುತ್ತದೆ.

"ಎಡಗಿವಿ ಹೋಗಿ ಆರು ವರ್ಷ ಆತ್ರಿ. ಈಗ ಹಲ್ಲೇ ಕಿವಿ," ಎಂದು ನಗುತ್ತಾರೆ. ಮರದ ಕಂಪನ ಹಲ್ಲಿನಿಂದ ತಲೆಬುರುಡೆಗೆ ಏರುತ್ತದಂತೆ. ಇನ್ನೂ ಉಳಿದಿರುವ ಹಲ್ಲುಗಳ ಬಗ್ಗೆ ಅವರಿಗೆ ವಿಶೇಷ ಕಾಳಜಿ.

ಐವತ್ತೆಂಟು ವರ್ಷದ ಲಾಡ್ಲೆಸಾಬರನ್ನು ಈ ಸೀಮೆ 'ಪೇಟಿ ಲಾಡ್ಲೆಸಾಬ' ಎಂದೇ ಕರೆಯುತ್ತದೆ. ಇಲ್ಲಿಯವರಿಗೆ ಹಾರ್ಮೋನಿಯಂ ಎಂದರೆ ಪೇಟಿ. ಸೊಲ್ಲಾಪುರದ ಅಂಗಡಿಯೊಂದರಲ್ಲಿ ಕೆಲಸ ಕಲಿತು ಬಂದವರು. ಬಜಾರಿನಲ್ಲಿ ಒಂದು ಹಲಗೆ ಕಟ್ಟೆಯೇ ಅವರ ಅಂಗಡಿ. ಶ್ರಾವಣದಲ್ಲಿ ಊರೂರಿನ ಭಜನೆ ಮೇಳಗಳು ಎಚ್ಚೆತ್ತಾಗ ದಿನಕ್ಕೊಂದು ಪೆಟ್ಟಿಗೆ ರಿಪೇರಿಗೆ ಬರುತ್ತದೆ. ಉಳಿದ ದಿನಗಳಲ್ಲಿ ವಾರಕ್ಕೆ ಎರಡಾದರೆ ಹೆಚ್ಚು. ಆಗ ಹತಾರದ ಚೀಲ ಹೆಗಲಿಗೇರಿಸಿ ಮಾದನಹಿಪ್ಪರಗಾ, ಅಫಜಲಪುರ, ಜೇವರ್ಗಿ ಎಂದು ಬಸ್ಸು ಹತ್ತುತ್ತಾರೆ. ಗಾಳಿ ಊದುವ ತಿದಿ ಹರಿದಿದ್ದರೆ ಅದನ್ನು ಹೊಲಿಯುವುದು ಹೆಂಡತಿ ಕರೀಮುನ್ನಿಸಾ ಅವರ ಕೆಲಸ.

ಸ್ವಾತಂತ್ರ್ಯದ ಐವತ್ತನೇ ವರ್ಷಕ್ಕೆ ಎಂಟು ಊರಿನ ಭಜನೆ ಮೇಳಗಳನ್ನು ಕೂಡಿಸಿ ಒಂದು ವಾದ್ಯವೃಂದ ಮಾಡುವುದು ಹೈಸ್ಕೂಲಿನ ವಿಜ್ಞಾನ ಮಾಸ್ತರ ಬೀರಲಿಂಗಪ್ಪನವರ ಯೋಜನೆ. ಪೆಟ್ಟಿಗೆ ಹೊರಗೆ ಕಳಿಸಲು ಯಾವ ಮೇಳವೂ ಒಪ್ಪಲಿಲ್ಲ. ಲಾಡ್ಲೆಸಾಬರೇ ಊರೂರಿಗೆ ಹೋಗಿ, ಹ್ಯಾಂಗ ಒಯ್ತೇನಿ ಹಾಂಗ ತಂದುಕೊಡ್ತೇನಿ ಎಂದು ಮಾತು ಕೊಟ್ಟು ಬಂದರು.

ಮಂಗಳವಾರ ಮೊದಲ ತಾಲೀಮು. ಮಾಸ್ತರು ಕೈ ಎತ್ತಿದರು, ಎಂಟು ಪೆಟ್ಟಿಗೆಗಳು ಒಟ್ಟಿಗೆ ಒಂದೇ ಸ್ವರ ಹಿಡಿದವು. ಸಂಜೆ ಹೊತ್ತು ಎಂಟು ದನದ ಮಂದೆಗಳು ಊರಿನ ಒಂದೇ ಅಗಸಿ ಬಾಗಿಲಲ್ಲಿ ನುಗ್ಗಿದಂತಾಯಿತು. ಹಾಡುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವ ಪೆಟ್ಟಿಗೆ ಕೆಟ್ಟಿದೆ ಎಂದು ಮಾಸ್ತರು ಕೇಳಿದರೆ, ಲಾಡ್ಲೆಸಾಬರ ಉತ್ತರ ಬೇರೆಯೇ ಇತ್ತು.

"ಯಾವ್ದೂ ಕೆಟ್ಟಿಲ್ರಿ ಸರ. ಹಳ್ಳ್ಯಾಗ ಬಾರ್ಸೋರು ಒಂದೇ ಪಟ್ಟೀನ ಸಾ ಅಂತ ಹಿಡದು ಬಾರಸ್ತಾರ, ಬ್ಯಾರೆ ಪಟ್ಟಿಗಿ ಬೆರಳು ಸರಿಯಂಗಿಲ್ಲ. ಹಾಡೋರ ದನಿಗೆ ಕೂಡಲಿಲ್ಲಂದ್ರ ನಾನು ಪೇಟೀನ ಸರಸ್ತೇನಿ."

ಅದೇ ಇಲ್ಲಿಯ ರೂಢಿ. ಹಿತ್ತಾಳೆ ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹೀಗೆ ವರ್ಷಗಟ್ಟಲೆ ಕೆರೆದು ಲಾಡ್ಲೆಸಾಬರು ಪ್ರತಿ ಪೆಟ್ಟಿಗೆಯನ್ನೂ ಆ ಊರಿನ ಮುಖ್ಯ ಹಾಡುಗಾರನ ಗಂಟಲಿಗೆ ಕೂಡಿಸಿದ್ದಾರೆ. ಎಲ್ಲಕ್ಕಿಂತ ತಗ್ಗಿನದು ಹಿರೋಳ್ಳಿಯದು. ಅಲ್ಲಿಯ ಮುಪ್ಪಿನ ಹಾಡುಗಾರ ನಾಗಣ್ಣನ ದನಿ ಇಳಿದಂತೆಲ್ಲ ಪೆಟ್ಟಿಗೆಯೂ ಇಳಿಯುತ್ತ ಬಂದಿದೆ.

ಒಂದೇ ಪೆಟ್ಟಿಗೆಗೆ ಮೈಕು ಹಚ್ಚಿ, ಉಳಿದ ಏಳನ್ನು ಬರೇ ನೋಡಲಿಕ್ಕೆ ಇಟ್ಟರೆ ಹೇಗೆ ಎಂದರು ಮಾಸ್ತರು. ಮೇಳದವರು ಹೊರಡಲು ಎದ್ದು ನಿಂತರು. ಎಲ್ಲವನ್ನೂ ಕೆರೆದು ಒಂದೇ ಸ್ವರಕ್ಕೆ ತರಬಹುದು ನಿಜ. ಆದರೆ ಕೆರೆದ ಲೋಹ ಮತ್ತೆ ಬೆಳೆಯುವುದಿಲ್ಲ. ಸವೆದ ನಾಲಿಗೆ ಇನ್ನೊಮ್ಮೆ ಕೆರೆದರೆ ಮುರಿದೀತು. ಕೊಟ್ಟ ಮಾತಿಗೆ ಭಂಗ.

"ನನ್ನ ದನಿ ಇಳೀತಂತ ಪೇಟಿ ಇಳಿಸಿದಿ, ಲಾಡ್ಲೇ," ಎಂದ ನಾಗಣ್ಣ. "ಈಗ ಮಂದಿ ಸಲುವಾಗಿ ಏರಿಸಿದ್ರ ಬರೋ ಸೋಮವಾರ ಭಜನಿಗಿ ನಾ ಎಲ್ಲಿಂದ ದನಿ ತರ್ಲಿ?"

ಲಾಡ್ಲೆಸಾಬರು ಅಂದು ಉಣ್ಣಲಿಲ್ಲ. ಮನೆಯೊಳಗೆ ಉರ್ದು ಮಾತಾಡುವ ಕರೀಮುನ್ನಿಸಾ, ಬಾಗಿಲಿಗೆ ಬಂದು ಕೂತಿದ್ದ ಮಾಸ್ತರಿಗೂ ಕೇಳಲೆಂದು ಕನ್ನಡದಲ್ಲೇ ಗಂಡನನ್ನು ಕೆಣಕಿದರು. ತಿದಿ ಹೊಲಿಯುವ ದಾರಕ್ಕೆ ಮೇಣ ಉಜ್ಜುವುದು ಅವರ ದಿನದ ಕೆಲಸ. ಹೋದ ವರ್ಷ ಅದರ ಚೂರೊಂದು ಪೆಟ್ಟಿಗೆಯೊಳಗೆ ಬಿದ್ದು, ನಾಲಿಗೆಗೆ ಅಂಟಿ ಒಂದು ಸ್ವರ ಕುಸಿದಿತ್ತು.

"ಅವತ್ತು ಮನೆ ಹಾರ್ವಂಗ ಬೈದ್ರಿ, ನೆನಪದ ಏನ್ರಿ? ಬರೇ ಕೆರೆಯೋದ ಗೊತ್ತು ನಿಮಗ. ಹೇರು ಹೆಚ್ಚಾದ್ರ ಎತ್ತು ಸಾವಕಾಶ ನಡೀತದ. ನಾಲಿಗಿ ಮ್ಯಾಗೂ ತುಸು ಮೇಣ ಹೇರ್ರಿ. ಮುಗದ ಮ್ಯಾಲ ಇಳಿಸಿದ್ರಾತು."

ಮೇಣದಿಂದ ಸ್ವರ ಇಳಿಸಬಹುದೇ ಹೊರತು ಏರಿಸಲಾಗದು. ಆದ್ದರಿಂದ ಉಳಿದ ಏಳೂ ಪೆಟ್ಟಿಗೆಗಳು ಹಿರೋಳ್ಳಿಯ ತಗ್ಗಿಗೆ ಇಳಿಯಬೇಕು. ಮಾಸ್ತರು ನಕ್ಕು ಒಪ್ಪಿದರು. ಬುಧವಾರದಿಂದ ಗಂಡಹೆಂಡಿರು ಪಡಸಾಲೆ ಬಿಟ್ಟು ಕದಲಿಲ್ಲ. ಈ ಬೆಳಗಿನ ಜಾವ ಕೊನೆಯ ಪೆಟ್ಟಿಗೆ ಮುಗಿದಿದೆ.

ಎಂಟು ಗಂಟೆಗೆ ಧ್ವಜ ಏರುತ್ತದೆ. ಹಾಡಿನ ಮೊದಲು ಭಾಷಣಗಳಿವೆ. ಮೋಡ ಸರಿದು ಬಿಸಿಲು ವೇದಿಕೆಗೆ ಬಡಿಯತೊಡಗುತ್ತದೆ. ಬೇವಿನ ನೆರಳಿನಲ್ಲಿ ನಿಂತ ಲಾಡ್ಲೆಸಾಬರು ಒಮ್ಮೆ ಸೂರ್ಯನನ್ನು, ಒಮ್ಮೆ ಪೆಟ್ಟಿಗೆಗಳನ್ನು ನೋಡುತ್ತಾರೆ. ಎರಡನೇ ಭಾಷಣಕಾರರು ಇನ್ನೊಂದು ಮಾತು ಎಂದಾಗ ತಡೆಯದೆ ಮಾಸ್ತರ ಕಿವಿಗೆ ಬಾಗುತ್ತಾರೆ:

"ಸರ, ಭಾಷಣ ಕರಗಂಗಿಲ್ಲ. ಮೇಣ ಕರಗ್ತದ."

ಮಾಸ್ತರು ಪೆಟ್ಟಿಗೆಗಳನ್ನೂ ಹಾಡುಗಾರರನ್ನೂ ಬೇವಿನ ಬುಡಕ್ಕೆ ಸರಿಸುತ್ತಾರೆ. ಕರೀಮುನ್ನಿಸಾ ಪೆಟ್ಟಿಗೆಗಳ ಮೇಲೆ ಒದ್ದೆ ಚಾದರ ಹಾಸುತ್ತಾರೆ, ಹಾಡಿನ ಹೊತ್ತಿಗೆ ತೆಗೆಯುತ್ತಾರೆ. ಎಂಟು ತಿದಿಗಳು ಒಟ್ಟಿಗೆ ಉಸಿರು ತುಂಬಿಕೊಳ್ಳುತ್ತವೆ. ದೇಶಭಕ್ತಿಯ ಹಾಡು ಎಂದರೆ ಎತ್ತರದ ದನಿ ಎಂದುಕೊಂಡಿದ್ದ ಮೈದಾನದಲ್ಲಿ ಈ ಹಾಡು ಕೆಳಗಿನಿಂದ, ನೆಲದಿಂದ ಎದ್ದಂತೆ ಏಳುತ್ತದೆ. ಲಾಡ್ಲೆಸಾಬರು ಬೇವಿನ ಕಾಂಡಕ್ಕೆ ಒರಗಿ, ಬಲಗಿವಿಯನ್ನು ಪೆಟ್ಟಿಗೆಗಳ ಕಡೆ ತಿರುಗಿಸಿ ನಿಂತಿದ್ದಾರೆ. ಎಲ್ಲೂ ನಡುಕವಿಲ್ಲ. ಮುಂದಿನ ಸಾಲಿನಲ್ಲಿ ನಾಗಣ್ಣ ಕತ್ತು ಚಾಚದೆ, ಹಿರೋಳ್ಳಿಯ ಕಟ್ಟೆಯ ಮೇಲೆ ಕೂತಂತೆ ಆರಾಮಾಗಿ ಹಾಡುತ್ತಿದ್ದಾನೆ.

ಮಧ್ಯಾಹ್ನ ಮೇಣ ತೆಗೆಯುವ ಕೆಲಸ. ಒಂದೊಂದೇ ಪೆಟ್ಟಿಗೆ ತನ್ನ ಊರಿನ ದನಿಗೆ ಮರಳುತ್ತದೆ. ಮೇಳದವರು ಅಲ್ಲೇ ಒಂದು ಭಜನೆ ಪದ ಹಾಡಿ ಖಾತ್ರಿ ಮಾಡಿಕೊಂಡು ಬಸ್ಸಿಗೆ ಹೊರಡುತ್ತಾರೆ. ನಾಗಣ್ಣ ಮಾತ್ರ ಹಾಡಿ ನೋಡುವುದಿಲ್ಲ. ಅವನ ಪೆಟ್ಟಿಗೆಯನ್ನು ಯಾರೂ ಮುಟ್ಟಿಲ್ಲ.

ಏನಾದರೂ ಆಸೆಯಿದ್ದರೆ ಹೇಳಿ ಎಂದು ಮಾಸ್ತರು ಒತ್ತಾಯಿಸಿದಾಗ ಲಾಡ್ಲೆಸಾಬರು ಯೋಚಿಸಿ ಹೇಳುತ್ತಾರೆ: "ಮುಂದಿನ ಸಲ ಹಾಡು ಮೊದಲ ಇಡ್ರಿ."

ಕರೀಮುನ್ನಿಸಾ ತಮ್ಮ ಮೇಣ ವಾಪಸು ಕೇಳುತ್ತಾರೆ. ಕೊಡುವ ಮುನ್ನ ಮಾಸ್ತರು ಅದನ್ನು ಪ್ರಯೋಗಶಾಲೆಯ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಏಳೂ ಪೆಟ್ಟಿಗೆಗಳಿಂದ ತೆಗೆದ ಮೇಣದ ಒಟ್ಟು ತೂಕ ಆರೂವರೆ ಗ್ರಾಂ.