ಕತ್ತರಿಸಿ ತೆಗೆದ ಐದು ಸೆಕೆಂಡು

ನಮ್ಮ ಮನೆಯ ಕಂಪ್ಯೂಟರಿನಲ್ಲಿ ನನ್ನ ತಂದೆಯ ಹೆಸರಿನಲ್ಲಿರುವ ಹಾಡುಗಳಲ್ಲಿ ಎಲ್ಲಕ್ಕಿಂತ ಚೆಂದದ ಹಾಡು ನನ್ನ ತಂದೆ ಹಾಡಿದ್ದಲ್ಲ. ಇದು ಆರು ವರ್ಷದಿಂದ ನನಗೆ ಗೊತ್ತಿದೆ. ಅಷ್ಟೇ ಅಲ್ಲ — ಅದನ್ನು ಹಾಡಿದವನ ಮಗಳು ನಮ್ಮ ಪಡಸಾಲೆಯಲ್ಲೇ ಕುಳಿತು, ತನ್ನಪ್ಪನ ದನಿ ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದಾಗ ಇಲ್ಲ ಎಂದೆ.

ಹೇಳಿಯಾಯಿತು. ಇಷ್ಟು ಬರೆಯುವುದಕ್ಕೇ ಆರು ವರ್ಷ ಬೇಕಾಯಿತು. ಆದರೂ ಒಳಗೆ ಒಂದು ಹುರುಪಿದೆ, ಅದನ್ನು ಮುಚ್ಚಿಟ್ಟರೆ ಅದೂ ಸುಳ್ಳಾದೀತು.

ನಾನು ಕುಬಿಹಾಳದವನು, ವಿಜ್ಞಾನದ ಮಾಸ್ತರನಾಗಿ ನಿವೃತ್ತನಾದೆ. ನಮ್ಮಪ್ಪ ಸಿದ್ದಪ್ಪ ಊರಿನ ಸೋಮವಾರದ ಭಜನೆಗೆ ಮುಂದಾಳು. ಅವನು ತೀರಿಕೊಂಡಾಗ ಒಂದು ಟ್ರಂಕಿನ ತುಂಬ ಭಜನೆಯ ಕ್ಯಾಸೆಟ್ಟುಗಳು ಉಳಿದವು. ನಿವೃತ್ತಿಯ ಮೊದಲ ವರ್ಷ ಅವನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದೆ. ಕೊನೆಗೆ ‘ಹಾಡಿದವರು’ ಎಂಬ ಜಾಗದಲ್ಲಿ ಎಲ್ಲಕ್ಕೂ ಒಮ್ಮೆಲೇ ಅಪ್ಪನ ಹೆಸರು ಹಾಕಿಬಿಟ್ಟೆ. ಕ್ಯಾಸೆಟ್ಟಿನ ಮೇಲೆ ಅವನದೇ ಹೆಸರಿತ್ತಲ್ಲ.

ಆಮೇಲೆ ಹುಬ್ಬಳ್ಳಿಯಿಂದ ಹಳೆಯ ಹೈ-ಫೈ ಆಂಪ್ಲಿಫೈಯರ್ ಮತ್ತು ಸೊಂಟದೆತ್ತರದ ಎರಡು ಸ್ಪೀಕರ್ ತಂದೆ. ಇವುಗಳಲ್ಲಿ ಜೋಳ ತುಂಬಿಡಲು ಬರುತ್ತದೆಯೇ ಎಂದು ಹೆಂಡತಿ ಗಿರಿಜಾ ಕೇಳಿದಳು. ಕಂಪ್ಯೂಟರ್ ಅಟ್ಟದ ಮೇಲೆ, ಹೈ-ಫೈ ಕೆಳಗೆ ಪಡಸಾಲೆಯಲ್ಲಿ. ನಡುವೆ ತಂತಿಯಿಲ್ಲ, ಹಾಡು ವೈ-ಫೈ ಮೇಲೆ ಬರಬೇಕು, ಒಂದು ಪುಟ್ಟ ಡಬ್ಬಿ ಅದನ್ನು ಹಿಡಿದು ಆಂಪ್ಲಿಫೈಯರಿಗೆ ಕೊಡಬೇಕು. ಆದರೆ ನಮ್ಮದು ಮಣ್ಣಿನ ಮನೆ, ಗೋಡೆಗಳು ಎರಡು ಮೊಳ ದಪ್ಪ. ಹಾಡು ಅರ್ಧ ದಾರಿಯಲ್ಲೇ ಸಾಯುತ್ತಿತ್ತು. ಮೂರು ದಿನ ಒದ್ದಾಡಿ, ಕೊನೆಗೆ ರೂಟರನ್ನು ಹಗ್ಗಕ್ಕೆ ಕಟ್ಟಿ ಮಾಳಿಗೆಯ ಬೆಳಕಿಂಡಿಯಲ್ಲಿ ತೂಗುಬಿಟ್ಟೆ. ಮೊಬೈಲಿನಲ್ಲಿ ಒಂದು ಹೆಸರು ಮುಟ್ಟಿದೆ, ಅಷ್ಟೇ — ಪಡಸಾಲೆಯ ತುಂಬ ತಾಳ, ದಮ್ಮಡಿ, ಹಾರ್ಮೋನಿಯಂ! ನಾನು ಎದ್ದು ಕುಣಿದದ್ದು ನಿಜ. ಗಿರಿಜಾ ಒಲೆಯ ಮೇಲಿನ ರೊಟ್ಟಿ ಮರೆತು ಬಂದು ನಿಂತಳು.

ಒಂದು ವಾರ ಮನೆ ತುಂಬ ಜನ. ನಮ್ಮ ಕಾಕಾ ಒಂದು ಹಾಡನ್ನೇ ಮತ್ತೆ ಮತ್ತೆ ಹಾಕಿಸಿ, ಅಗದಿ ನಿಮ್ಮಪ್ಪನೇ ಎದುರಿಗೆ ಕೂತಂತಿದೆ ಎಂದು ಕಣ್ಣೊರೆಸಿಕೊಂಡ. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಜನವೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಅದೇ ಹಾಡನ್ನು ಒಬ್ಬನೇ ಕೂತು, ದನಿ ಏರಿಸಿ ಹಾಕಿದೆ. ಕಂಪ್ಯೂಟರಿನ ಸಣ್ಣ ಸ್ಪೀಕರಿನಲ್ಲಿ ಹಾಡಿನ ಮೊದಲು ಬರೀ ಸುಂಯ್ ಎಂಬ ಸದ್ದು ಕೇಳುತ್ತಿತ್ತು. ಈಗ ಆ ಸದ್ದಿನೊಳಗೆ ಒಂದು ಮಾತಿತ್ತು. ದೂರದಿಂದ, ಗಂಟಲು ಕಟ್ಟಿದ ದನಿಯಲ್ಲಿ ಅಪ್ಪ ಹೇಳುತ್ತಿದ್ದ:

“ಹಾಡ್ಲೇ ಮರಿಯಾ. ಇವತ್ತ ನನ್ನ ಗಂಟಲಾ ಕೈ ಕೊಟ್ಟೈತಿ. ನೀ ನನಗಿಂತ ಛಲೋ ಹಾಡ್ತಿ.”

ಮರಿಯಪ್ಪ — ಕೆಳಗಿನ ಕೇರಿಯವನು, ಭಜನೆಯಲ್ಲಿ ಕಟ್ಟೆಯ ಕೆಳಗೆ ಕೂತು ತಾಳ ಹಾಕುತ್ತಿದ್ದವನು. ನಾನು ಹಾಸ್ಟೆಲಿನಲ್ಲಿದ್ದ ಕಾಲದಲ್ಲಿ, ಸಣ್ಣ ವಯಸ್ಸಿನಲ್ಲೇ ತೀರಿಕೊಂಡ. ಊರಿಗೆ ಊರೇ ಅಪ್ಪನದೆಂದು ಕಣ್ಣೀರು ಹಾಕಿದ ದನಿ ಅವನದು.

ನಾನು ಅಟ್ಟ ಹತ್ತಿದೆ. ಆ ಐದು ಸೆಕೆಂಡುಗಳನ್ನು ಕತ್ತರಿಸಿ ತೆಗೆದೆ. ಒಂದಿಷ್ಟೂ ಹಿಂಜರಿಯಲಿಲ್ಲ, ಅದೇ ಈಗ ನನಗೆ ಹೆಚ್ಚು ನಾಚಿಕೆ. ಕಾಕಾನಿಗೆ ನೋವಾಗುತ್ತದೆ ಎಂದುಕೊಂಡೆ — ಸುಳ್ಳು. ಮರಿಯಪ್ಪ ಕೇರಿಯವನಾಗಿರದೆ ನಮ್ಮ ಬೀಗರಲ್ಲಿ ಒಬ್ಬನಾಗಿದ್ದರೆ ಕತ್ತರಿಸುತ್ತಿದ್ದೆನೇ? ಇಲ್ಲ. ಊರ ಮುಂದೆ ನಗುತ್ತ ಅವನ ಹೆಸರು ಹೇಳುತ್ತಿದ್ದೆ.

ಮುಂದಿನ ತಿಂಗಳೇ ಶಾಂತಾ ಬಂದಳು. ಮರಿಯಪ್ಪನ ಮಗಳು; ತಿರ್ಲಾಪುರಕ್ಕೆ ಕೊಟ್ಟಿದ್ದಾರೆ, ಅಲ್ಲಿ ಅಂಗನವಾಡಿ ನಡೆಸುತ್ತಾಳೆ. ಮಾಸ್ತರು ಹಳೆಯ ಭಜನೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದಾರೆಂದು ಯಾರೋ ಹೇಳಿದ್ದರಂತೆ. ಅವಳು ಒಳಗೆ ಬಂದಾಗ ಹೈ-ಫೈಯಲ್ಲಿ ಅದೇ ಹಾಡು ನಡೆದಿತ್ತು. ಆರಿಸಬೇಕೆಂದರೂ ಮೊಬೈಲು ಕೈಗೆ ಸಿಗಲಿಲ್ಲ. ಅವಳು ತಲೆ ಬಗ್ಗಿಸಿ ಕೇಳುತ್ತ ಕೂತಳು. ನಿಮ್ಮ ತಂದೆಯವರು ಎಷ್ಟು ಚೆಂದ ಹಾಡಿದ್ದಾರೆ ಎಂದಳು. ಆಮೇಲೆ, ಬಹಳ ಸಂಕೋಚದಿಂದ:

“ನಮ್ಮಪ್ಪಂದು ಒಂದರ ಹಾಡ ಐತೇನ್ರಿ ಮಾಸ್ತರ? ಅಂವ ಹೋದಾಗ ನಾ ತೊಟ್ಟಿಲದಾಗಿದ್ನಿರಿ. ದನಿ ಹೆಂಗಿತ್ತಂತನ ಗೊತ್ತಿಲ್ಲ.”

“ಇಲ್ಲವ್ವಾ,” ಎಂದೆ. “ನಿಮ್ಮಪ್ಪ ಬರೀ ತಾಳ ಹಾಕ್ತಿದ್ದ.”

ಬರೀ ತಾಳ. ಆ ‘ಬರೀ’ ಯಾಕೆ ಬೇಕಿತ್ತು ನನಗೆ? ಅವಳು ಚಹಾ ಕುಡಿದು, ಕಪ್ಪನ್ನು ತಾನೇ ತೊಳೆದಿಟ್ಟು, ಹಾಡು ಇನ್ನೂ ನಡೆದಿರುವಾಗಲೇ ಹೋದಳು. ಕಪ್ಪು ತೊಳೆಯಬೇಡವೆಂದು ಗಿರಿಜಾ ಹೇಳಿದರೂ ಕೇಳಲಿಲ್ಲ.

ಆರು ವರ್ಷ ಆ ಹಾಡು ನಮ್ಮ ಮನೆಯಲ್ಲಿ ಮೊಳಗಿದೆ. ಬೀಗರು ಬಂದರೆ ಅದು, ಹಬ್ಬಕ್ಕೆ ಅದು. ಹೋದ ವಾರ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ತಂದೆ. ಹಾಡುಗಳೆಲ್ಲ ಬಂದವು, ಹೆಸರುಗಳು ಅಳಿಸಿಹೋದವು. ಮತ್ತೆ ಒಂದೊಂದಕ್ಕೂ ಬರೆಯುತ್ತ ಬಂದೆ. ಆ ಹಾಡಿನ ಮುಂದೆ ‘ಹಾಡಿದವರು’ ಎಂಬ ಖಾಲಿ ಜಾಗ. ಅಪ್ಪನ ಹೆಸರಿನ ಮೊದಲ ಅಕ್ಷರ ಹೊಡೆದೆ, ಅಳಿಸಿದೆ. ಮತ್ತೆ ಹೊಡೆದೆ. ಆಗದು — ಆಗಲೇ ಇಲ್ಲ.

ಟ್ರಂಕು ತೆಗೆದು ಮೂಲ ಕ್ಯಾಸೆಟ್ ಹುಡುಕಿದೆ. ಪ್ಲೇಯರಿನ ಬೆಲ್ಟ್ ಹರಿದಿತ್ತು. ಅಣ್ಣಿಗೇರಿಯಲ್ಲಿ ರೇಡಿಯೊ ರಿಪೇರಿ ಮಾಡುವ ಮುದುಕನೊಬ್ಬ ಬೇರೆ ಬೆಲ್ಟ್ ಹಾಕಿಕೊಟ್ಟ. ಟೇಪು ಅಂಟಿಕೊಂಡಿರಬಹುದು, ಒಳಗೆ ಏನೂ ಉಳಿದಿರಲಿಕ್ಕಿಲ್ಲ ಎಂದ. ದಾರಿಯುದ್ದಕ್ಕೂ ನನ್ನ ಜೀವ ನನ್ನಲ್ಲಿರಲಿಲ್ಲ. ಮನೆಗೆ ಬಂದು, ಇಳಿಸಿ, ಹೈ-ಫೈಗೆ ಕಳಿಸಿದೆ — ಇದೆ! ಐದೂ ಸೆಕೆಂಡು ಇದೆ! ಪಡಸಾಲೆಯಲ್ಲಿ ಒಬ್ಬನೇ ಕೂಗಿಕೊಂಡೆ. ಆಗ ತಿಳಿಯಿತು, ಆ ಹಾಡಿನಲ್ಲಿ ನಿಜವಾಗಿ ಅಪ್ಪನದೆಂದು ಇದ್ದದ್ದು ಆ ಮಾತೊಂದೇ. ನಾನು ಕತ್ತರಿಸಿದ್ದು ಅದನ್ನೇ. ಅವನು ಮರಿಯಪ್ಪನಿಗೆ ಮನಸಾರೆ ಕೊಟ್ಟಿದ್ದನ್ನು ನಾನು ಕಿತ್ತುಕೊಂಡಿದ್ದೆ.

‘ಹಾಡಿದವರು’: ಮರಿಯಪ್ಪ. ಬರೆದೆ. ಕಾಕಾನನ್ನು ಕರೆದು ಕೇಳಿಸಿದೆ. ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ.

ಇವತ್ತು ಬೆಳಿಗ್ಗೆ ಸ್ಪೀಕರುಗಳನ್ನು ಕೌದಿಯಲ್ಲಿ ಸುತ್ತಿ, ಆಂಪ್ಲಿಫೈಯರ್, ಕಂಪ್ಯೂಟರ್, ಡಬ್ಬಿ, ರೂಟರ್ ಎಲ್ಲವನ್ನೂ ಕಾರಿಗೆ ಹೇರಿದೆ. ಮೊಬೈಲಿಗೆ ಕಳಿಸಿದರೆ ಅದರ ಸಣ್ಣ ಸ್ಪೀಕರಿನಲ್ಲಿ ಆ ಐದು ಸೆಕೆಂಡು ಶಾಂತಾಳಿಗೆ ಕೇಳುವುದಿಲ್ಲ. ಹೊರಡುವ ಮುನ್ನ ಫೋನ್ ಮಾಡಿ, ಮೇಲೆ ಬರೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲೆಂದು ಬಯಸಿಯೂ ಇದ್ದೆ. ಅವಳು ಬೈಯಲಿಲ್ಲ, ಕೇಳಿದಳು:

“ಅವತ್ತ ನಿಮ್ಮ ಮನ್ಯಾಗ ಹಾಡಾಕತ್ತಿದ್ದಂವ ನಮ್ಮಪ್ಪೇನ್ರಿ?”

ಹೌದು ಎಂದೆ.

“ಬಸ್ಸಿಗೆ ಹೊತ್ತಾತಂತ ನಾ ಅರ್ಧಕ್ಕ ಎದ್ದ ಬಂದ್ನೆಲ್ರಿ.”

ತಪ್ಪು ತನ್ನದೇ ಎಂಬಂತೆ ಹೇಳಿದಳು. ಬರಲೇ ಎಂದು ಕೇಳಿದೆ. ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ, ಫೋನ್ ಇಟ್ಟಳು. ನಾನು ಹೊರಟಿದ್ದೇನೆ. ಬಾಗಿಲು ತೆಗೆಯದಿದ್ದರೆ ಅವಳ ಅಂಗಳದಲ್ಲೇ ಕಾಯುತ್ತೇನೆ.