ಸೋಮವಾರದ ಎರಡನೆಯ ರಹಸ್ಯ

ದೇವದೂತ ಎದುರು ಬಂದು ನಿಂತಾಗ ಮರಿಯ ಹೆದರಿದ್ದಳು. ಮದುವೆ ಗೊತ್ತಾಗಿ ಇನ್ನೂ ಗಂಡನ ಮನೆ ಸೇರದ ಹುಡುಗಿ. ಬಸುರೆಂದು ಊರಿಗೆ ತಿಳಿದರೆ ಕಲ್ಲು ಹೊಡೆದು ಕೊಲ್ಲಬಹುದಾಗಿದ್ದ ಕಾಲ. ದೂತ ಅವಳಿಗೆ "ಹೆದರಬೇಡ" ಎನ್ನುತ್ತಾನೆ. ಹೆದರದವರಿಗೆ ಯಾರೂ ಹಾಗೆ ಹೇಳುವುದಿಲ್ಲ. ಇದು ಸುವಾರ್ತೆಯಲ್ಲೇ ಇದೆ, ನಿಮಗೆ ಗೊತ್ತಿರಬೇಕಾದದ್ದು. ಆದರೆ ನಾವು ಅವಳಿಗೆ ನೀಲಿ ಶಾಲು ಹೊದೆಸಿದೆವು, ತಲೆಯ ಸುತ್ತ ಬಲ್ಬಿನ ಸರ ಹಚ್ಚಿದೆವು, ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸಿದೆವು. ಆಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಹೇಳತೊಡಗಿದೆವು: ನೋಡು, ಎಷ್ಟು ಸುಮ್ಮನಿದ್ದಾಳೆ.

ಜಾಯ್ಸ್ ಕ್ಯಾಸ್ಟಲಿನೊ ಕೂಡ ಹಾಗೆ ಹೇಳಿದವಳೇ. ಅದನ್ನು ಬಿಡದೆ ಬರೆಯಬೇಕು ಎಂದು ನನಗೆ ತಾಕೀತು ಮಾಡಿದವಳೂ ಅವಳೇ.

ಜಾಯ್ಸ್‌ಗೆ ಐವತ್ತನಾಲ್ಕು. ಹುಟ್ಟಿದ್ದು ಉಡುಪಿ ಕಡೆಯ ಶಿರ್ವದಲ್ಲಿ. ಗಂಡನ ಬಂದರಿನ ಕೆಲಸದ ಹಿಂದೆ ಕೊಚ್ಚಿಗೆ ಬಂದು ಇಪ್ಪತ್ತೆಂಟು ವರ್ಷ, ಗಂಡ ತೀರಿಕೊಂಡು ಒಂಬತ್ತು. ಎರ್ನಾಕುಲಂನಲ್ಲಿ ಬಾಡಿಗೆ ಮನೆ, ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕಸ್ಟಮ್ಸ್ ಏಜೆನ್ಸಿಯಲ್ಲಿ ಕೆಲಸ. ಹಡಗಿನಲ್ಲಿ ಬಂದ ಸರಕಿನ ಕಾಗದಪತ್ರಗಳಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ. ಕಂಟೇನರ್ ನಂಬರಿನ ಒಂದು ಅಂಕಿ ಆಚೀಚೆಯಾದರೂ ಅವಳ ಪೆನ್ಸಿಲ್ ಅಲ್ಲಿ ನಿಂತುಬಿಡುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅವಳು ಮೊದಲು ಕಲಿಸುವುದು ಇಷ್ಟು: ತಪ್ಪು ಒಂದು ಸಲ ಬಂದರೆ ತಿದ್ದಿ. ಅದೇ ತಪ್ಪು ಮೂರು ಕಾಗದದಲ್ಲಿ ಬಂದರೆ ತಿದ್ದಬೇಡಿ, ಬರೆದವರನ್ನು ಕರೆದು ಕೇಳಿ.

ಒಬ್ಬಳೇ ಮಗಳು, ಸಮೀಕ್ಷಾ. ಎರಡು ವರ್ಷದ ಹಿಂದೆ ಅವಳನ್ನು ತಿರುವನಂತಪುರದ ಬ್ಯಾಂಕೊಂದರಲ್ಲಿರುವ ಕುಂದಾಪುರದ ಹುಡುಗ ಅಜಿತ್‌ಗೆ ಕೊಟ್ಟಳು. ಒಳ್ಳೆಯ ಸಂಬಂಧ ಬರಲೆಂದು ಜಾಯ್ಸ್ ವಲ್ಲಾರ್ಪಾಡಂ ಮಾತೆಯ ಇಗರ್ಜಿಯ ಅಂಗಳವನ್ನು ಪೊರಕೆ ಹಿಡಿದು ಗುಡಿಸಿದ್ದಳು. ಅಲ್ಲಿ ಅದೇ ಹರಕೆ. ಸಂಬಂಧ ಬಂತು, ಮಾತೆ ಕೈಬಿಡಲಿಲ್ಲ ಎಂದು ಅತ್ತಳು.

ಮದುವೆಯಾಗಿ ಆರು ತಿಂಗಳಿಗೆ ಸಮೀಕ್ಷಾ ಒಬ್ಬಳೇ ಎರಡು ದಿನಕ್ಕೆಂದು ಬಂದಿದ್ದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಮಮ್ಮಿ, ಅವನಿಗೆ ಸಿಟ್ಟು ಬಂದರೆ ನನಗೆ ಹೆದರಿಕೆ ಆಗ್ತದೆ" ಎಂದಳು.

ಜಾಯ್ಸ್ ಬಂಗುಡೆ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ಗಂಡಸರಿಗೆ ಸಿಟ್ಟು ಬಾರದೆ ಇರ್ತದಾ ಬಾಯೆ? ಮಾತೆ ಮರಿಯ ಎಲ್ಲವನ್ನೂ ಮನಸ್ಸಲ್ಲೇ ಇಟ್ಟುಕೊಂಡಳು. ನೀನೂ ಸ್ವಲ್ಪ ಇಟ್ಟುಕೊ."

"ಆಯ್ತು" ಎಂದಳು ಸಮೀಕ್ಷಾ. ಆಮೇಲೆ ಆ ಮಾತು ಎತ್ತಲೇ ಇಲ್ಲ.

ಮರಿಯ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಕುರುಬರು ಕೊಟ್ಟಿಗೆಗೆ ತಂದ ಸಂತೋಷದ ಸುದ್ದಿಯನ್ನು. ಗಂಡನ ಕೈಯೇಟನ್ನಲ್ಲ. ಆ ಒಂದು ವಾಕ್ಯವನ್ನು ಅದರ ಜಾಗದಿಂದ ಕಿತ್ತು ತಂದು ಹೆಣ್ಣುಮಕ್ಕಳ ಬಾಯಿಗೆ ತುರುಕಿದವರು ನಾವು. ಪೀಠದ ಮೇಲೆ ನಿಂತು ತುರುಕಿದೆವು, ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಲೂ ತುರುಕಿದೆವು.

ತಾಯಿ ಮಗಳ ನಡುವೆ ಉಳಿದದ್ದು ಸಂಜೆ ಏಳರ ಜಪಸರ ಮಾತ್ರ. ಫೋನಿನಲ್ಲೇ. ಐದು ಹತ್ತರ ಮಣಿಗಳು, ಮಣಿಗೊಂದು 'ನಮೋ ಮರಿಯ'. ಪ್ರತಿ ಹತ್ತಕ್ಕೆ ಮುಂಚೆ ಯೇಸುವಿನ ಅಥವಾ ಮರಿಯಳ ಬದುಕಿನ ಒಂದು ಘಟನೆಯ ಹೆಸರು ಹೇಳಬೇಕು. ಅದಕ್ಕೆ ರಹಸ್ಯ ಎನ್ನುತ್ತಾರೆ. ಯಾವ ವಾರ ಯಾವ ಐದು ಎಂಬುದು ಗೊತ್ತುಮಾಡಿಟ್ಟದ್ದು. ಸೋಮವಾರ ಸಂತಸದ್ದು, ಮಂಗಳವಾರ ಶುಕ್ರವಾರ ದುಃಖದ್ದು, ಹೀಗೆ. ಒಂದು, ಮೂರು, ಐದು ಜಾಯ್ಸ್ ನಡೆಸುವುದು. ಎರಡು, ನಾಲ್ಕು ಮಗಳು. ಮನೆಮಾತು ಕೊಂಕಣಿ, ಪ್ರಾರ್ಥನೆಯೂ ಕೊಂಕಣಿಯಲ್ಲೇ. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಅಜಿತ್ ಹತ್ತಿರ ಕೂತಿರುತ್ತಿದ್ದ. ಫೋನು ಲೌಡ್‌ಸ್ಪೀಕರಿನಲ್ಲೇ ಇರಬೇಕು ಎಂಬುದು ಅವನ ಕ್ರಮ. "ನಾವೆಲ್ಲ ಒಟ್ಟಿಗೆ ಪ್ರಾರ್ಥನೆ ಮಾಡುವ, ಮಮ್ಮಿ" ಎನ್ನುತ್ತಿದ್ದ. ಎಂಥ ಭಕ್ತಿವಂತ ಅಳಿಯ ಎಂದು ಜಾಯ್ಸ್ ಇಗರ್ಜಿಯಲ್ಲಿ ನಾಲ್ಕು ಜನಕ್ಕೆ ಹೇಳಿದ್ದಳು. ಬೇರೆ ಹೊತ್ತಿನಲ್ಲಿ ಮಾಡಿದರೆ ಮಗಳು ಫೋನು ಎತ್ತುತ್ತಿರಲಿಲ್ಲ. ಮೆಸೇಜಿಗೆ ಬರುವ ಉತ್ತರದ ಧಾಟಿ ಮಗಳದ್ದಾಗಿರಲಿಲ್ಲ. ಏಳು ಗಂಟೆ ಹತ್ತಿರವಾದಂತೆ ಜಾಯ್ಸ್ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಯಾಕೆಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಬಂದೀತು ಎಂಬ ಹೆದರಿಕೆ.

ಜುಲೈ ತಿಂಗಳ ಒಂದು ಸೋಮವಾರ ಮೊದಲ ರಹಸ್ಯ ಮುಗಿಯಿತು. ಎರಡನೆಯದು ಮಗಳದು. ಸೋಮವಾರದ ಎರಡನೆಯದು, ಮರಿಯ ತನ್ನ ನೆಂಟಳು ಎಲಿಜಬೆತ್ತಳನ್ನು ಕಾಣಲು ಹೋದದ್ದು. ಸಮೀಕ್ಷಾ ಹೇಳಿದಳು: "ಎರಡನೆಯ ರಹಸ್ಯ. ಯೇಸುವನ್ನು ಕಂಬಕ್ಕೆ ಕಟ್ಟಿ ಹೊಡೆದದ್ದು."

"ಇವತ್ತು ಸೋಮವಾರ ಬಾಯೆ. ಅದು ನಾಳೆಯದು."

ಆ ಕಡೆ ಅಜಿತ್ ನಕ್ಕದ್ದು ಕೇಳಿಸಿತು. "ನಿಮ್ಮ ಮಗಳಿಗೆ ವಾರದ ನೆನಪೂ ಇಲ್ಲ ನೋಡಿ." ಸಮೀಕ್ಷಾ ತಿದ್ದಿಕೊಂಡಳು.

ಮಂಗಳವಾರ ಅದೇ ರಹಸ್ಯ ಹೇಳಿದಳು. ಅಂದು ಅದೇ ಸರಿ. "ಇವತ್ತು ಸರಿ ಹೇಳಿದೆ" ಎಂದು ಜಾಯ್ಸ್ ಹೊಗಳಿದಳು. ಹೊಗಳಿದ್ದನ್ನು ನನಗೆ ಹೇಳುವಾಗ ಅವಳು ಎದ್ದು ಹೋಗಿ ಸಿಂಕಿನ ನಲ್ಲಿ ತಿರುಗಿಸಿ ಬಂದಳು.

ಗುರುವಾರ ಬೇರೆ ರಹಸ್ಯಗಳು. ಅಂದು ಎರಡನೆಯದು ಕಾನಾ ಊರಿನ ಮದುವೆ. ಸಮೀಕ್ಷಾ ಮತ್ತೆ ಕಂಬಕ್ಕೆ ಕಟ್ಟಿ ಹೊಡೆದದ್ದನ್ನೇ ಹೇಳಿದಳು. ಜಾಯ್ಸ್ ಮತ್ತೆ ತಿದ್ದಿದಳು, ಸ್ವಲ್ಪ ಗದರಿಯೂ ಬಿಟ್ಟಳು. ಕಾನಾದಲ್ಲಿ ದ್ರಾಕ್ಷಾರಸ ಮುಗಿದದ್ದು ಮರಿಯಳಿಗೆ ಯಾರೂ ಹೇಳದೆಯೇ ತಿಳಿದಿತ್ತು. ಆ ತಾಯಿಯ ಹೆಸರು ದಿನಕ್ಕೆ ಐವತ್ತು ಸಲ ಹೇಳುವ ಈ ತಾಯಿಗೆ ಮಗಳು ಬಾಯಿಬಿಟ್ಟು ಹೇಳಿದರೂ ತಿಳಿಯಲಿಲ್ಲ.

ಮುಂದಿನ ಸೋಮವಾರ ಮೂರನೇ ಸಲ. ಈ ಸಲ ತಿದ್ದಿದ ಮೇಲೂ ಸಮೀಕ್ಷಾ ಅದನ್ನೇ ಇನ್ನೊಮ್ಮೆ ಹೇಳಿದಳು, ಇನ್ನೂ ಮೆಲ್ಲಗೆ.

ಬುಧವಾರ ಊಟದ ಹೊತ್ತಿಗೆ ಜಾಯ್ಸ್ ಡಬ್ಬಿ ತೆರೆದು ಸುಮ್ಮನೆ ಕೂತಿದ್ದಳು. ಎದುರು ಜುಬೈದಾ, ಅದೇ ಆಫೀಸಿನ ಗುಮಾಸ್ತೆ, ಕಾಸರಗೋಡಿನವಳು. ಇಬ್ಬರಿಗೂ ದಿನದಲ್ಲಿ ಕನ್ನಡ ಸಿಗುವುದು ಆ ಅರ್ಧ ಗಂಟೆ.

"ಎಂತ ಜಾಯ್ಸಕ್ಕ, ಡಬ್ಬಿಗೆ ಧ್ಯಾನ ಮಾಡ್ಲಿಕ್ಕುಂಟಾ?"

"ಮಗಳಿಗೆ ಪ್ರಾರ್ಥನೆ ಮರೆತು ಹೋಗ್ತಾ ಉಂಟು ಮಾರಾಯ್ತಿ. ನಾಲ್ಕು ವರ್ಷದವಳಿಗೇ ಬಾಯಿಪಾಠ ಇತ್ತು. ಈಗ ಎರಡನೆಯದು ಮೂರು ಸಲ ತಪ್ಪು."

"ಯಾವುದೆಲ್ಲ ಹೇಳ್ತಾಳೆ?"

"ಯಾವುದೆಲ್ಲ ಅಲ್ಲ. ಒಂದೇ."

ಯಾವುದೆಂದು ಜಾಯ್ಸ್ ಹೇಳಿದಳು. ಜುಬೈದಾ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದಳು.

"ನೀವಲ್ಲವಾ ನನಗೆ ಕಲಿಸಿದ್ದು, ಅದೇ ತಪ್ಪು ಮೂರು ಸಲ ಬಂದರೆ ತಿದ್ದಬಾರದು ಅಂತ?"

ಜಾಯ್ಸ್ ಡಬ್ಬಿಯ ಮುಚ್ಚಳ ಹಾಕಿದಳು. ಕಿಟಕಿಯಾಚೆ ಕ್ರೇನು ಒಂದು ಕಂಟೇನರನ್ನು ಎತ್ತಿ ಹಿಡಿದಿತ್ತು. ಅದು ತನ್ನ ಎದೆಯ ಮೇಲೇ ಇಳಿಯುತ್ತದೆ ಎಂದು ಅವಳಿಗೆ ಅನಿಸಿತಂತೆ.

"ಫೋನು ಮಾಡಿ ಕೇಳ್ಲಾ?"

"ಮಾಡಿದರೆ ಯಾರು ಕೇಳುವುದು? ಅವನು. ಎದ್ದು ಹೋಗಿ ಜಾಯ್ಸಕ್ಕ. ನಿಮ್ಮ ಮಾತೆ, ನಮ್ಮ ಮರ್ಯಮ್ ಬೀವಿಯಾದರೆ ಕೂತು ಡಬ್ಬಿ ನೋಡ್ತಿದ್ದಳಾ? ಲೀವ್ ನಾನು ಬರೆದು ಕೊಡ್ತೇನೆ. ಮಗಳ ವಿಳಾಸ ಕೊಡಿ, ಹೆಂಗಸರ ಸಹಾಯವಾಣಿಗೂ ನಾನು ಮಾಡ್ತೇನೆ."

ತಿರುವನಂತಪುರಕ್ಕೆ ಒಂದೂವರೆಯ ರೈಲು. ಆಲಪ್ಪುಳದವರೆಗೂ ಟಿಕೆಟನ್ನು ಮಡಚುತ್ತಾ ಬಿಚ್ಚುತ್ತಾ ಕೂತಳು. ಏನೂ ಇಲ್ಲದಿದ್ದರೆ? ಅಳಿಯ ನಕ್ಕರೆ? ಇದ್ದರೆ? ತಾನು ಬಂದದ್ದೇ ನೆಪವಾಗಿ, ತಾನು ಹೊರಟ ಮೇಲೆ ಇನ್ನೂ ಹೆಚ್ಚಾದರೆ? ಕೊಲ್ಲಂ ದಾಟುವಾಗ ಜಪಸರ ಕೈಗೆ ತೆಗೆದುಕೊಂಡಳು. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಸೋಮವಾರದ ಸರಿಯಾದ ಎರಡನೆಯ ರಹಸ್ಯ ಮಾತ್ರ ತಲೆಯಲ್ಲಿ ತಿರುಗುತ್ತಿತ್ತು: ಮರಿಯ ಎದ್ದು ಬೆಟ್ಟದ ಸೀಮೆಗೆ ಅವಸರದಿಂದ ಹೋದಳು. ಸುವಾರ್ತೆಯಲ್ಲಿ ಅವಸರ ಎಂದೇ ಇದೆ. ನಲವತ್ತು ವರ್ಷ ಹೇಳಿದ ಮಾತು. ಅದರಲ್ಲೊಂದು ಕೆಲಸ ಇದೆ ಎಂದು ಅವಳಿಗೆ ಆವತ್ತು ಹೊಳೆಯಿತು.

ಅಜಿತನ ಮನೆ ಚಾಲೈ ಪೇಟೆಯ ಒಂದು ಸಂದಿಯಲ್ಲಿ, ಎರಡನೇ ಮಹಡಿ. ಕೆಳಗೆ ಒಣಮೆಣಸು, ಬೆಲ್ಲದ ಸಗಟು ಅಂಗಡಿ. ಕೈಗಾಡಿ, ಟೆಂಪೊ, ಕೂಗಾಟ. ಆ ಗದ್ದಲದಲ್ಲಿ ಮನೆಯೊಳಗೆ ಏನು ನಡೆದರೂ ಬೀದಿಗೆ ಗೊತ್ತಾಗುವುದಿಲ್ಲ. ಅಂಗಡಿಯ ಯಜಮಾನರು ಶಂಕರನಾರಾಯಣ, ಕುಂಬಳೆ ಕಡೆಯವರು, ಅರವತ್ತು ದಾಟಿದವರು. ಮಗಳ ಮನೆ ಒಕ್ಕಲಿನ ದಿನ ಜಾಯ್ಸ್ ಅವರ ಹತ್ತಿರ ಕನ್ನಡ ಮಾತಾಡಿದ್ದಳು.

"ಅಣ್ಣ, ಮೇಲಿನ ಮನೆಯಲ್ಲಿ..." ಎಂದಳು.

ಅವರು ತಕ್ಕಡಿಯತ್ತ ನೋಡಿದರು. "ರಾತ್ರಿ ಗಲಾಟೆ ಕಮ್ಮಿಯಾದ ಮೇಲೆ ಸದ್ದು ಕೇಳ್ತದೆ ಅಮ್ಮ."

"ಯಾವಾಗಿನಿಂದ?"

"ಹೋದ ವರ್ಷದ ಓಣಂ ಕಳೆದ ಮೇಲಿಂದ. ಗಂಡ ಹೆಂಡತಿ ವಿಷಯ, ನಾವು ಎಂತ ಹೇಳುವುದು ಅಂತ ಸುಮ್ಮನಿದ್ದೆ."

ಒಳ್ಳೆಯ ಮನುಷ್ಯ. ಅಂಗಡಿಗೆ ಬಂದ ಬೆಕ್ಕಿಗೂ ಹಾಲಿಡುವವರು. ಹತ್ತು ತಿಂಗಳು ಮೆಣಸು ತೂಗುತ್ತಾ ಕೇಳಿಸಿಕೊಂಡರು.

"ಈಗ ನನ್ನ ಒಟ್ಟಿಗೆ ಮೇಲೆ ಬನ್ನಿ" ಎಂದಳು ಜಾಯ್ಸ್. ಅವರು ಚಪ್ಪಲಿ ಮೆಟ್ಟಿದರು.

ಏಳು ಗಂಟೆಗೆ ಅವಳು ಎರಡನೇ ಮಹಡಿಯ ಮೆಟ್ಟಿಲಲ್ಲೇ ನಿಂತು ಫೋನು ಮಾಡಿದಳು. ಮಗಳು ಬಾಗಿಲ ಹತ್ತಿರ ಇದ್ದಾಳೆಯೇ, ಹೇಗಿದ್ದಾಳೆ, ತಿಳಿಯದೆ ತಟ್ಟಲು ಧೈರ್ಯ ಸಾಲಲಿಲ್ಲ. ಒಳಗೆ ರಿಂಗಾದದ್ದು ಬಾಗಿಲಿನಾಚೆಯಿಂದಲೂ ಕೇಳಿಸಿತು.

"ಎಲ್ಲಿದ್ದೀರಿ ಮಮ್ಮಿ, ಇಷ್ಟು ಗಲಾಟೆ?" ಅಜಿತನ ಧ್ವನಿ.

"ಕಿಟಕಿ ತೆರೆದುಂಟು. ಮೆಟ್ರೋ ಹತ್ತಿರ ಎಂತದೋ ಜಗಳ." ಜೀವಮಾನದಲ್ಲಿ ಶಿಲುಬೆ ಗುರುತು ಹಾಕಿಕೊಂಡು ಅವಳು ಹೇಳಿದ ಮೊದಲ ಸುಳ್ಳು.

ಬುಧವಾರ ಮಹಿಮೆಯ ರಹಸ್ಯಗಳು. ಮೊದಲನೆಯದು ಮುಗಿಯಿತು. ಸಮೀಕ್ಷಾ ಬಾಯಿ ತೆರೆದಳು: "ಎರಡನೆಯ ರಹಸ್ಯ. ಯೇಸುವನ್ನು ಕಂಬಕ್ಕೆ ಕಟ್ಟಿ ಹೊಡೆದದ್ದು."

ಜಾಯ್ಸ್ ತಿದ್ದಲಿಲ್ಲ. ಮಗಳ ಜೊತೆಗೆ ಹತ್ತು ನಮೋ ಮರಿಯ ಹೇಳಿದಳು. ಕೊನೆಯ ಮೂರನ್ನು ಮಗಳು ತಾಯಿಗಿಂತ ಗಟ್ಟಿಯಾಗಿ ಹೇಳಿದಳು. ಆಮೇಲೆ ತನ್ನ ಸರದಿಯಲ್ಲಿ, ನಿಧಾನವಾಗಿ ಹೇಳಿದಳು: "ಮೂರನೆಯ ರಹಸ್ಯ. ಮರಿಯ ಎದ್ದು ಎಲಿಜಬೆತ್ತಳ ಮನೆಗೆ ಅವಸರದಿಂದ ಹೋದದ್ದು."

"ಈಗ ನಿಮಗೂ ಮರೆತು ಹೋಯ್ತಾ ಮಮ್ಮಿ?" ಅಜಿತ್ ನಕ್ಕ. "ತಾಯಿ ಮಗಳು ಸರಿ ಜೋಡಿ."

ಜಾಯ್ಸ್ ಬಾಗಿಲು ತಟ್ಟಿದಳು.

"ನಾನು ತೆಗೀತೇನೆ" ಎಂಬ ಮಗಳ ಕೂಗು, ಕುರ್ಚಿ ಬಿದ್ದ ಸದ್ದು. ಚಿಲಕ ಸರಿಯಿತು. ಸಮೀಕ್ಷಾ ಜುಲೈ ಸೆಕೆಯಲ್ಲಿ ಮಣಿಕಟ್ಟಿನವರೆಗೆ ತೋಳಿದ್ದ ಅಂಗಿ ಹಾಕಿಕೊಂಡಿದ್ದಳು. ಜಪಸರ ಸುತ್ತಿಕೊಂಡಿದ್ದ ಬೆರಳುಗಳಲ್ಲಿ ಎರಡು ಮಡಚುತ್ತಿರಲಿಲ್ಲ.

"ಇದು ನಮ್ಮ ಮನೆ ವಿಷಯ" ಎಂದ ಅಜಿತ್, ಹಿಂದಿನಿಂದ ಬಂದು.

"ಹುಡುಗಿ ಕೆಳಗೆ ಇಳೀಲಿ" ಎಂದರು ಶಂಕರನಾರಾಯಣ. ಅವರು ಬಾಗಿಲಿನಿಂದ ಸರಿಯಲಿಲ್ಲ. ಅಷ್ಟು ಸಾಕಾಯಿತು. ಚಪ್ಪಲಿಯಿಲ್ಲದೆ ಬಂದ ಸಮೀಕ್ಷಾಳನ್ನು ಮೆಣಸಿನ ಮೂಟೆಯ ಮೇಲೆ ಕೂರಿಸಿ ನೀರು ಕೊಟ್ಟರು. ಜುಬೈದಾ ಫೋನು ಮಾಡಿದ್ದ ಸಹಾಯವಾಣಿಯ ಇಬ್ಬರು ಹೆಂಗಸರು ಎಂಟಕ್ಕೆ ಮುಂಚೆ ಬಂದರು.

ತಾಯಿ ಮಗಳು ಈಗ ಎರ್ನಾಕುಲಂನಲ್ಲಿದ್ದಾರೆ. ದೂರು ದಾಖಲಾಗಿದೆ, ಕೇಸು ನಡೆಯಬೇಕಷ್ಟೆ. ಹೆದರಿಕೆ ಹೋಗಿಲ್ಲ. ಕರೆಗಂಟೆ ಬಾರಿಸಿದರೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಸೋಮವಾರ ಎರಡನೆಯ ರಹಸ್ಯವನ್ನು ಸಮೀಕ್ಷಾ ಇನ್ನೂ ಹೇಳುವುದಿಲ್ಲ, ತಾಯಿ ಹೇಳುತ್ತಾಳೆ. ವಿಷಯ ತಿಳಿದ ಮೇಲೆ ಇಗರ್ಜಿಯ ಒಂದಿಬ್ಬರು ಬಂದು, ಮಾತೆಯ ಹಾಗೆ ಸಹಿಸಿಕೊಂಡಿದ್ದರೆ ಮನೆ ಉಳಿಯುತ್ತಿತ್ತಲ್ಲ ಎಂದರಂತೆ. ಜಾಯ್ಸ್ ಅವರಿಗೆ ಚಹಾ ಕೊಡದೆ ಕಳಿಸಿದಳು.

ನಿಮ್ಮ ಮೇಲಿನ ಮಹಡಿಯಿಂದ, ಪಕ್ಕದ ಗೋಡೆಯಿಂದ ಬರುವ ಸದ್ದು ಯಾವುದೆಂದು ನಿಮಗೆ ಗೊತ್ತು. ಎಷ್ಟು ತಿಂಗಳಿನಿಂದ ಎಂಬುದೂ ಗೊತ್ತು. ಮಾತೆಯ ಪಟಕ್ಕೆ ಇವತ್ತು ಹಚ್ಚುವ ಮೇಣದಬತ್ತಿ ಆಮೇಲೆ ಹಚ್ಚಿ. ಮೊದಲು ಚಪ್ಪಲಿ ಮೆಟ್ಟಿ, ಮೆಟ್ಟಿಲು ಹತ್ತಿ, ಆ ಬಾಗಿಲು ತಟ್ಟಿ.